ಆ ಅಯಸ್ಕಾಂತ ರೂಮಲ್ಲಿ ಹಿಡಿಸ್ಲಿಲ್ಲ: ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ರಿಸರ್ಚ್ ಸೆಂಟರ್‌ಗಳು ಹುಟ್ಟಿದ ಕಥೆ

[ಸ್ಕ್ರೀನ್ ಮೇಲೆ: ಹಳೇ ಮರದ ಕಟ್ಟಡದ ಕಪ್ಪು-ಬಿಳುಪು ಫೋಟೋ]

ನಮಸ್ಕಾರ ಎಲ್ರಿಗೂ. ಈ ಫೋಟೋನ ಒಂದ್ಸಲ ಸರಿಯಾಗಿ ನೋಡಿ. ಗೋಡೌನ್ ಥರ ಕಾಣೋ ಈ ಮರದ ಕಟ್ಟಡ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬರ್ಕ್ಲಿ ಕ್ಯಾಂಪಸ್ಸಲ್ಲಿತ್ತು, 1931ರಲ್ಲಿ ಅರ್ನೆಸ್ಟ್ ಲಾರೆನ್ಸ್ ಅನ್ನೋ ಫಿಸಿಕ್ಸ್ ಮೇಷ್ಟ್ರಿಗೆ ಇದನ್ನ ಬಿಟ್ಟುಕೊಟ್ರು. ಯಾಕಪ್ಪಾ ಅಂದ್ರೆ ಅವರಿಗೆ 80 ಟನ್ ತೂಕದ ಒಂದು ಅಯಸ್ಕಾಂತ ಸಿಕ್ಕಿತ್ತು, ಅದನ್ನ ಇಡೋಕೆ ಫಿಸಿಕ್ಸ್ ಡಿಪಾರ್ಟ್‌ಮೆಂಟ್ ಒಳಗೆ ಜಾಗಾನೇ ಇರ್ಲಿಲ್ಲ.

ಯೂನಿವರ್ಸಿಟಿ ಅಂದ್ರೆ ನಮ್ಮ ತಲೇಲಿ ಬರೋದು ಡಿಪಾರ್ಟ್‌ಮೆಂಟು, ಪಾಠ, ಪರೀಕ್ಷೆ, ಡಿಗ್ರಿ. ಆದ್ರೆ ಒಂದು ದೊಡ್ಡ ಯೂನಿವರ್ಸಿಟೀಲಿ ಇದರ ಪಕ್ಕಕ್ಕೇ ಇನ್ನೊಂದು ಲೋಕ ಇರುತ್ತೆ, ರಿಸರ್ಚ್ ಸೆಂಟರ್‌ಗಳದ್ದು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಕಥೆ ಓದ್ತಾ ಓದ್ತಾ ನಂಗೆ ಗಟ್ಟಿಯಾಗಿ ಅನ್ಸಿದ್ದು ಇಷ್ಟು, ಇವು ಯಾರೋ ಕೂತು ಪ್ಲಾನ್ ಹಾಕಿ ಕಟ್ಟಿದ್ದಲ್ಲ, ಒಂದು ಉಪಕರಣನೋ ಒಂದು ಪ್ರಶ್ನೆನೋ ಡಿಪಾರ್ಟ್‌ಮೆಂಟ್ ಗೋಡೆ ಒಳಗೆ ಹಿಡಿಸದೇ ಹೋದಾಗ ತಾವಾಗೇ ಹೊರಗೆ ಬಂದು ನಿಂತಿದ್ದು.

ಶುರುವಿಂದ ಬರೋಣ.

[ಸ್ಕ್ರೀನ್ ಮೇಲೆ: ಬೆಟ್ಟದ ತುದಿ, ಬಿಳಿ ಗುಮ್ಮಟ]

ಯೂನಿವರ್ಸಿಟಿ ಶುರುವಾಗಿದ್ದು 1868ರಲ್ಲಿ. ಆ ಕಾಲಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೇಮ್ಸ್ ಲಿಕ್ ಅಂತ ಒಬ್ಬ ಸಾಹುಕಾರ ಇದ್ದ. ಮೂಲತಃ ಪಿಯಾನೋ ಮಾಡೋನು, ದಕ್ಷಿಣ ಅಮೆರಿಕಾದಲ್ಲಿ ವರ್ಷಗಟ್ಲೆ ಪಿಯಾನೋ ಮಾಡಿ ದುಡ್ಡು ಕೂಡಿಟ್ಟು 1848ರಲ್ಲಿ ಇಲ್ಲಿಗೆ ಬಂದ, ಸಿಕ್ಕ ಸಿಕ್ಕ ಜಮೀನು ಕೊಂಡ, ಅಷ್ಟರಲ್ಲೇ ಆ ಸೀಮೇಲಿ ಚಿನ್ನ ಸಿಕ್ತು, ಊರು ಬೆಳೀತು, ಇವನು ಕೋಟ್ಯಧೀಶ ಆದ. ವಯಸ್ಸಾದ್ಮೇಲೆ ತನ್ನ ನೆನಪಿಗೆ ಒಂದು ದೊಡ್ಡ ಪಿರಮಿಡ್ ಕಟ್ಟಿಸ್ಬೇಕು ಅಂತಿದ್ದವನ ಮನಸ್ಸು ಕೊನೆಗೆ ಟೆಲಿಸ್ಕೋಪ್ ಕಡೆ ತಿರುಗ್ತು, ಅದಕ್ಕೆ 7 ಲಕ್ಷ ಡಾಲರ್ ಎತ್ತಿಟ್ಟ. 1876ರಲ್ಲಿ ತೀರಿಕೊಂಡ, ಟೆಲಿಸ್ಕೋಪ್ ನೋಡೋ ಭಾಗ್ಯ ಸಿಗ್ಲಿಲ್ಲ. ಹ್ಯಾಮಿಲ್ಟನ್ ಬೆಟ್ಟದ ಮೇಲೆ, 4,200 ಅಡಿ ಎತ್ತರದಲ್ಲಿ ಕೆಲಸ ನಡೀತು. 1887ರಲ್ಲಿ ಅವನ ದೇಹ ತಂದು ಟೆಲಿಸ್ಕೋಪ್ ನಿಲ್ಲೋ ಕಂಬದ ಬುಡದಲ್ಲೇ ಮಣ್ಣು ಮಾಡಿದ್ರು, ಈಗಲೂ ಅಲ್ಲೇ ಇದ್ದಾನೆ. 1888ರಲ್ಲಿ ಇಡೀ ವೀಕ್ಷಣಾಲಯ ಯೂನಿವರ್ಸಿಟಿ ಕೈಗೆ ಬಂತು. 36 ಇಂಚಿನ ಲೆನ್ಸು, ಆಗ ಇಡೀ ಪ್ರಪಂಚದಲ್ಲಿ ಅಷ್ಟು ದೊಡ್ಡ ಲೆನ್ಸಿನ ಟೆಲಿಸ್ಕೋಪ್ ಬೇರೆ ಇರ್ಲಿಲ್ಲ. 1892ರಲ್ಲಿ ಎಡ್ವರ್ಡ್ ಬರ್ನಾರ್ಡ್ ಇದರಲ್ಲೇ ಕಣ್ಣಿಟ್ಟು ಗುರುಗ್ರಹದ ಐದನೇ ಚಂದ್ರನ್ನ ಹುಡುಕಿದ್ರು. ಗೆಲಿಲಿಯೋ ನಾಲ್ಕು ನೋಡಿದ್ದು 1610ರಲ್ಲಿ, ಐದನೇದಕ್ಕೆ ಸುಮಾರು 280 ವರ್ಷ ಕಾಯ್ಬೇಕಾಯ್ತು.

ಕ್ಯಾಂಪಸ್ಸಲ್ಲಿ ಕೂತ್ರೆ ಇದು ಆಗ್ತಿರ್ಲಿಲ್ಲ, ಆಕಾಶ ಬೇಕು ಅಂದ್ರೆ ಬೆಟ್ಟ ಹತ್ಲೇಬೇಕು. ಅದೇ ಥರ ಸಮುದ್ರ ಬೇಕಾದೋರು ದಡಕ್ಕೆ ಹೋದ್ರು. ಬರ್ಕ್ಲಿಯ ಪ್ರಾಣಿಶಾಸ್ತ್ರದ ಮೇಷ್ಟ್ರು ವಿಲಿಯಂ ರಿಟ್ಟರ್ 1903ರಲ್ಲಿ ಸ್ಯಾನ್ ಡಿಯಾಗೋ ಹತ್ರ ಒಂದು ಹೋಟೆಲ್ಲಿನ ದೋಣಿ ಮನೇಲಿ ಲ್ಯಾಬ್ ಇಟ್ಕೊಂಡು ಕೆಲಸ ಶುರು ಮಾಡಿದ್ರು, ಸ್ಕ್ರಿಪ್ಸ್ ಮನೆತನದ ಅಕ್ಕ-ತಮ್ಮ ದುಡ್ಡು ಕೊಟ್ರು, 1912ರಲ್ಲಿ ಅದು ಯೂನಿವರ್ಸಿಟಿಗೆ ಸೇರ್ತು. 1907ರಲ್ಲಿ ರಿವರ್‌ಸೈಡಲ್ಲಿ ಕಿತ್ತಳೆ, ನಿಂಬೆ ಬೆಳೆಗಾರರಿಗೋಸ್ಕರ ಒಂದು ಪ್ರಯೋಗ ಕೇಂದ್ರ ಬಂತು.

ಇಲ್ಲೊಂದು ವಿಷಯ ನಂಗೆ ತುಂಬಾ ಇಷ್ಟ. ಕ್ಯಾಂಪಸ್ ಕಟ್ಟಿ ಆಮೇಲೆ ಸೆಂಟರ್ ಮಾಡ್ತಾರೆ ಅಂತ ನಾವಂದ್ಕೊಂಡಿರ್ತೀವಿ. ಇಲ್ಲಿ ಉಲ್ಟಾ. ಆ ಕಿತ್ತಳೆ ಕೇಂದ್ರದ ಸುತ್ತ 1954ರಲ್ಲಿ ರಿವರ್‌ಸೈಡ್ ಕ್ಯಾಂಪಸ್ ಎದ್ದು ನಿಂತ್ಕೊಳ್ತು, ಸಮುದ್ರದ ಕೇಂದ್ರದಿಂದ 1960ರಲ್ಲಿ ಸ್ಯಾನ್ ಡಿಯಾಗೋ ಕ್ಯಾಂಪಸ್ ಹುಟ್ತು. ಮಗು ಅಂದ್ಕೊಂಡಿದ್ದೇ ತಾಯಿ ಆಗಿತ್ತು.

[ಸ್ಕ್ರೀನ್ ಮೇಲೆ: ಅಂಗೈಲಿ ಹಿಡಿಯೋವಷ್ಟು ಚಿಕ್ಕ ಹಿತ್ತಾಳೆ ಡಬ್ಬಿ]

ಈಗ ಆ ಮರದ ಕಟ್ಟಡಕ್ಕೆ ವಾಪಸ್ ಬರೋಣ. 1929ರಲ್ಲಿ ಲಾರೆನ್ಸ್ ಲೈಬ್ರರೀಲಿ ಒಂದು ಜರ್ಮನ್ ಲೇಖನ ತೆರೆದ್ರು, ಭಾಷೆ ಅಷ್ಟಾಗಿ ಬರ್ತಿರ್ಲಿಲ್ಲ, ಚಿತ್ರಗಳನ್ನೇ ನೋಡ್ತಾ ಹೋದ್ರು. ಪರಮಾಣುವಿನ ಚಿಕ್ಕ ಚಿಕ್ಕ ಕಣಗಳನ್ನ ಸಾಲು ಸಾಲು ಕೊಳವೆ ಒಳಗೆ ನೆಟ್ಟಗೆ ತಳ್ಳಿ ತಳ್ಳಿ ವೇಗ ಹೆಚ್ಚಿಸೋ ಐಡಿಯಾ ಅದು. ಆದ್ರೆ ವೇಗ ಜಾಸ್ತಿ ಬೇಕಂದ್ರೆ ಸಾಲು ಉದ್ದ ಆಗ್ತಾನೇ ಹೋಗುತ್ತೆ. ಲಾರೆನ್ಸ್‌ಗೆ ಹೊಳೆದಿದ್ದು ಏನಂದ್ರೆ, ಅಯಸ್ಕಾಂತ ಇಟ್ಟು ಕಣಾನ ಬಗ್ಗಿಸಿ ಸುತ್ತು ಹಾಕ್ಸಿದ್ರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತೆ, ಬಂದಾಗೆಲ್ಲಾ ಒಂದು ತಳ್ಳು, ಉಯ್ಯಾಲೆ ತೂಗಿದ ಹಾಗೆ. ಅವರ ವಿದ್ಯಾರ್ಥಿ ಸ್ಟ್ಯಾನ್ಲಿ ಲಿವಿಂಗ್‌ಸ್ಟನ್ ನಾಲ್ಕೂವರೆ ಇಂಚಿನ ಹಿತ್ತಾಳೆ ಡಬ್ಬಿ ಮಾಡಿ, ಗಾಳಿ ನುಗ್ಗದ ಹಾಗೆ ಮೇಣ ಮೆತ್ತಿ, 1931ರ ಜನವರೀಲಿ ಓಡ್ಸಿ ತೋರಿಸಿದ್ರು. ಕೊಟ್ಟಿದ್ದು 2,000 ವೋಲ್ಟಿಗಿಂತ ಕಮ್ಮಿ, ಕಣಕ್ಕೆ ಸಿಕ್ಕಿದ್ದು 80,000 ಎಲೆಕ್ಟ್ರಾನ್ ವೋಲ್ಟ್ ಶಕ್ತಿ! ಇದೇ ಸೈಕ್ಲೋಟ್ರಾನ್.

ಅಂಗೈಯಷ್ಟಿದ್ದಾಗ ಅದು ಡಿಪಾರ್ಟ್‌ಮೆಂಟ್ ಒಳಗೇ ಇತ್ತು. 80 ಟನ್ ಅಯಸ್ಕಾಂತ ಬಂದ್ಮೇಲೆ ಹೊರಗೆ ಬಂತು, ರೇಡಿಯೇಷನ್ ಲ್ಯಾಬೊರೇಟರಿ ಅನ್ನೋ ಹೆಸರು ಬಂತು. ಫಿಸಿಕ್ಸ್‌ನೋರು, ಕೆಮಿಸ್ಟ್ರಿಯೋರು, ಇಂಜಿನಿಯರ್‌ಗಳು, ಡಾಕ್ಟ್ರು ಎಲ್ಲಾ ಒಂದೇ ಯಂತ್ರದ ಸುತ್ತ ನಿಂತ್ರು, ಲಾರೆನ್ಸ್ ತಮ್ಮ ಜಾನ್ ಅವರೇ ಡಾಕ್ಟರ್, 1937ರಲ್ಲಿ ಸೈಕ್ಲೋಟ್ರಾನ್‌ನಲ್ಲಿ ಮಾಡಿದ, ವಿಕಿರಣ ಸೂಸೋ ರಂಜಕದಿಂದ ರಕ್ತದ ಕ್ಯಾನ್ಸರ್ ರೋಗಿಗೆ ಚಿಕಿತ್ಸೆ ಕೊಟ್ರು. ಅದೇ ವರ್ಷ ಲ್ಯಾಬಲ್ಲಿ ಬಳಸಿ ತೆಗೆದ ಒಂದು ಮಾಲಿಬ್ಡಿನಮ್ ತಗಡನ್ನ ಅಂಚೇಲಿ ಇಟಲಿಗೆ ಕಳ್ಸಿದ್ರು, ಎಮಿಲಿಯೋ ಸೆಗ್ರೆ ಮತ್ತು ಕಾರ್ಲೋ ಪೆರಿಯೇ ಅದರಲ್ಲಿ 43ನೇ ಧಾತು ಹುಡುಕಿದ್ರು. ಟೆಕ್ನೀಶಿಯಂ. ಇವತ್ತು ಆಸ್ಪತ್ರೇಲಿ ಹೃದಯದ್ದೋ ಮೂಳೇದೋ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿದ್ರೆ ಹೆಚ್ಚಿನ ಸಲ ಒಳಗೆ ಬಿಡೋದು ಇದನ್ನೇ.

ಇನ್ನೊಂದು ಭಾಗಾನೂ ಹೇಳ್ಲೇಬೇಕು, ಬಿಟ್ರೆ ತಪ್ಪಾಗುತ್ತೆ. 1941ರ ಫೆಬ್ರವರೀಲಿ ಇದೇ ಕ್ಯಾಂಪಸ್ಸಿನ ಗಿಲ್ಮನ್ ಹಾಲ್‌ನ 307ನೇ ರೂಮಲ್ಲಿ ಗ್ಲೆನ್ ಸೀಬೋರ್ಗ್ ಮತ್ತೆ ಜೊತೆಯೋರು ಪ್ಲುಟೋನಿಯಂ ಅನ್ನೋ ಹೊಸ ಧಾತುನ ಗುರುತಿಸಿದ್ರು. 1943ರಿಂದ ಲಾಸ್ ಅಲಮೋಸ್ ಬಾಂಬ್ ಲ್ಯಾಬಿನ ಆಡಳಿತ ಯೂನಿವರ್ಸಿಟಿ ಹೆಸರಲ್ಲೇ ನಡೀತು. ನಾಗಸಾಕಿ ಮೇಲೆ ಬಿದ್ದಿದ್ದು ಪ್ಲುಟೋನಿಯಂ ಬಾಂಬ್, 1945ರ ಆಗಸ್ಟ್ 9, ಆ ರೂಮಿನ ರಾತ್ರಿಯಿಂದ ನಾಲ್ಕೂವರೆ ವರ್ಷ ಅಷ್ಟೇ. ಸೆಂಟರ್ ಅಂದ್ರೆ ಬರೀ ಜ್ಞಾನ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ, ದುಡ್ಡು ಯಾರು ಕೊಡ್ತಾರೆ, ಯಾತಕ್ಕೆ ಕೊಡ್ತಾರೆ ಅನ್ನೋದು ಒಳಗಿನ ಕೆಲಸಾನೇ ಬದಲಾಯಿಸಿಬಿಡುತ್ತೆ.

[ಸ್ಕ್ರೀನ್ ಮೇಲೆ: ಗರಗಸದ ಹಲ್ಲಿನ ಹಾಗೆ ಏರ್ತಾ ಹೋಗೋ ಗೆರೆ]

ದುಡ್ಡು ನಿಂತ್ರೆ ಏನಾಗುತ್ತೆ ಅನ್ನೋದಕ್ಕೆ ಈ ಗೆರೆ ನೋಡಿ. ಸಮುದ್ರದ ದಡದ ಆ ಸ್ಕ್ರಿಪ್ಸ್ ಸಂಸ್ಥೆಗೆ 1956ರಲ್ಲಿ ಚಾರ್ಲ್ಸ್ ಕೀಲಿಂಗ್ ಬಂದ್ರು, 1958ರಿಂದ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಅಳೆಯೋಕೆ ಶುರು ಮಾಡಿದ್ರು. ಮೊದಲ್ನೇ ಲೆಕ್ಕ ಹತ್ತು ಲಕ್ಷಕ್ಕೆ 313 ಭಾಗ. ಗಿಡಮರ ಚಿಗುರಿದಾಗ ಇಳಿಯುತ್ತೆ, ಎಲೆ ಉದುರಿದಾಗ ಏರುತ್ತೆ, ಭೂಮಿ ಉಸಿರಾಡೋದೇ ಕಾಣ್ಸುತ್ತೆ, ಆದ್ರೆ ವರ್ಷಕ್ಕಿಂತ ವರ್ಷ ಗೆರೆ ಮೇಲಕ್ಕೇ. 2013ರ ಮೇನಲ್ಲಿ 400 ಮುಟ್ತು. ಅಷ್ಟರಲ್ಲಿ ಕೀಲಿಂಗ್ ತೀರಿಕೊಂಡು ಎಂಟು ವರ್ಷ ಆಗಿತ್ತು, ಕೆಲಸ ಮುಂದುವರೆಸ್ತಿರೋದು ಅವರ ಮಗ ರಾಲ್ಫ್.

ಈಗ ಝೂಮ್ ಮಾಡ್ತೀನಿ, 1964ಕ್ಕೆ ಬನ್ನಿ. ಫೆಬ್ರವರಿ, ಮಾರ್ಚ್, ಏಪ್ರಿಲ್. ಆ ವರ್ಷ ಬಜೆಟ್ ಕಡಿತ ಮಾಡಿದ್ರು, ಬೆಟ್ಟದ ಮೇಲೆ ಅಳತೆ ನಿಂತ್ಹೋಯ್ತು. ಆ ಮೂರು ತಿಂಗಳ ಜಾಗದಲ್ಲಿ ಅಳೆದ ಅಂಕಿ ಇವತ್ತಿಗೂ ಇಲ್ಲ.