ಪೋಲರಾಯ್ಡನ್ನು ಆಕಾಶಕ್ಕೆ ಹಿಡಿಯಿರಿ

ಬಿಎಸ್‌ಸಿ ಲ್ಯಾಬಿನಲ್ಲಿ ಪೋಲರಾಯ್ಡ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸೋ ಬೆಳಕನ್ನಷ್ಟೇ ಬಿಡೋ ಹಾಳೆ, ತಿರುಗಿಸಿ ಮೇಲಸ್ ನಿಯಮದ (ಹಾಳೆ ತಿರುಗಿದಂತೆ ಬೆಳಕು ಎಷ್ಟು ಕುಗ್ಗುತ್ತೆ ಅನ್ನೋದರ) ಗ್ರಾಫ್ ಹಾಕಿದರೆ ಪ್ರಯೋಗ ಮುಗೀತು, ರೆಕಾರ್ಡಿಗೆ ಸಹಿ ಬಿತ್ತು. ಅದು ಅಲ್ಲಿಗೇ ನಿಲ್ಲಬಾರದು ಅನ್ನೋದು ನನ್ನ ವಾದ. ದೂರದ ಗ್ರಹಗಳ ಮೋಡ ಎಂಥದ್ದು ಅಂತ ತಿಳಿಯೋ ದಾರಿ ಅದೇ ಹಾಳೆಯಿಂದ ಶುರುವಾಗುತ್ತೆ.

ಶುಕ್ರನನ್ನೇ ತಗೊಳ್ಳಿ. ಅದರ ಬೆಳಕಿನ ಧ್ರುವೀಕರಣವನ್ನು, ಅಂದರೆ ಬೆಳಕು ಎಷ್ಟರ ಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತೆ ಅನ್ನೋದನ್ನು, ಫ್ರಾನ್ಸಿನ ಖಗೋಳಜ್ಞ ಬರ್ನಾರ್ ಲಿಯೊ 1920ರ ದಶಕದಲ್ಲೇ ಅಳೆದಿದ್ದರು. 1974ರಲ್ಲಿ ಹ್ಯಾನ್ಸೆನ್ ಮತ್ತು ಹೊವೆನಿಯರ್ ಎಂಬ ವಿಜ್ಞಾನಿಗಳು ಇಂಥ ಅಳತೆಗಳಿಂದಲೇ ಲೆಕ್ಕ ಹಾಕಿದರು: ಮೋಡದ ಹನಿಗಳ ತ್ರಿಜ್ಯ ಸುಮಾರು 1.05 ಮೈಕ್ರಾನ್, ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತೆ ಅನ್ನೋ ಅಳತೆ) 1.44. ನೀರಿನದು 1.33. ಅಂದರೆ ಅದು ನೀರಲ್ಲ, ಗಾಢ ಸಲ್ಫ್ಯೂರಿಕ್ ಆಮ್ಲ! ಬರೀ ಹೊಳಪು ಅಳೆದಿದ್ದರೆ ಇಷ್ಟು ಖಚಿತವಾಗಿ ಹೇಳೋಕಾಗ್ತಿರಲಿಲ್ಲ.

ಬೇರೆ ನಕ್ಷತ್ರಗಳ ಗ್ರಹಗಳಲ್ಲಿ ಕೆಲಸ ಕಠಿಣ. ನಕ್ಷತ್ರದ ಬೆಳಕಿನ ಜೊತೆ ಬೆರೆತ ಗ್ರಹದ ಸಂಕೇತ ಲಕ್ಷಕ್ಕೆ ಒಂದು ಪಾಲಿನಷ್ಟು, ಕೆಲವೊಮ್ಮೆ ಇನ್ನೂ ಕಮ್ಮಿ. ಹತ್ತು ಲಕ್ಷಕ್ಕೆ ಒಂದರ ನಿಖರತೆಗೆ ಒಂದು ಲಕ್ಷ ಕೋಟಿ ಫೋಟಾನ್, ಅಂದರೆ ಬೆಳಕಿನ ಕಣ, ಬೇಕು. ಅದಕ್ಕಿಂತ ದೊಡ್ಡ ತೊಂದರೆ, ದೂರದರ್ಶಕದ ಕನ್ನಡಿಗಳೇ ಬೆಳಕನ್ನು ಧ್ರುವೀಕರಿಸುತ್ತವೆ. ಎಚ್‌ಡಿ 189733 ಬಿ ಗ್ರಹದಲ್ಲಿ ಹತ್ತು ಸಾವಿರಕ್ಕೆ ಎರಡರಷ್ಟು ಸಂಕೇತ ಸಿಕ್ಕಿದೆ ಅಂತ 2008ರಲ್ಲಿ ಒಂದು ತಂಡ ಹೇಳಿತು. 2009ರಲ್ಲಿ ಇನ್ನೊಂದು ಅಳತೆಗೆ ಅದು ಸಿಗಲೇ ಇಲ್ಲ.

ಈಗ ನಿಮ್ಮ ಕೈಗೆ ಬರೋಣ. ಸೂರ್ಯ ಮುಳುಗೋ ಹೊತ್ತಿಗೆ ಫೋನನ್ನು ನೆತ್ತಿಯ ನೀಲಿಗೆ ನೆಟ್ಟಗೆ ಹಿಡಿದು ಕಟ್ಟಿ. ಅಲ್ಲಿಗೆ ಸೂರ್ಯನಿಂದ 90 ಡಿಗ್ರಿ, ಧ್ರುವೀಕರಣ ಅತಿ ಹೆಚ್ಚು. ಐಎಸ್‌ಒ, ಶಟರ್ ಎರಡನ್ನೂ ಲಾಕ್ ಮಾಡಿ. ಚಿತ್ರ ರಾ (ಫೋನು ತಿದ್ದದ) ಫೈಲಲ್ಲೇ ಇರಲಿ, ಜೆಪೆಗ್ ಹೊಳಪಿನ ಅನುಪಾತವನ್ನೇ ಕೆಡಿಸುತ್ತೆ. ಪೋಲರಾಯ್ಡ್ ಹಾಳೆಯನ್ನು ಲೆನ್ಸ್ ಮುಂದಿಟ್ಟು 0, 45, 90, 135 ಡಿಗ್ರಿಗೆ ತಿರುಗಿಸಿ ಒಂದೊಂದು ಚಿತ್ರ, ಕೊನೆಗೆ ಮತ್ತೆ 0. ಸಂಜೆ ಬೆಳಕು ಇಳಿಯುತ್ತಾ ಇರುತ್ತಲ್ಲ, ಎಷ್ಟು ಇಳೀತು ಅಂತ ಆ ಐದನೇ ಚಿತ್ರ ಹೇಳುತ್ತೆ. 0 ಮತ್ತು 90ರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ. 45, 135ಕ್ಕೂ ಹಾಗೇ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಧ್ರುವೀಕರಣದ ಪ್ರಮಾಣ.

ಇದನ್ನೇ ಬಿಳಿ ಮೋಡದ ಮೇಲೆ ಮಾಡಿ, ಪ್ರಮಾಣ ಕುಸಿಯುತ್ತೆ. ಚಿಕ್ಕಬಳ್ಳಾಪುರದ ಕ್ರಷರ್ ಧೂಳಿನಡಿ ಒಮ್ಮೆ, ನಂದಿ ಬೆಟ್ಟದ ಮೇಲೆ ಒಮ್ಮೆ ಅಳೆದು ಹೋಲಿಸಿ. ಆದರೆ ವ್ಯತ್ಯಾಸ ಬಂತು ಅಂತ ಬರೆಯೋ ಮುಂಚೆ ಫೋನು, ಹಾಳೆ ಎರಡನ್ನೂ ಒಟ್ಟಿಗೆ 90 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ಪ್ರಮಾಣ ಬದಲಾದರೆ ಆ ಬದಲಾವಣೆ ಆಕಾಶದ್ದಲ್ಲ, ನಿಮ್ಮ ಉಪಕರಣದ್ದು.