ಟ್ರೇಲರ್ ಮೂಲೆ ಒಡೆದಿದೆ, ಒಳಗೆ ಸಿಲಿಕೋನ್ ಕೂತಿದೆ

ಇದು ಕ್ಯಾಂಪಿಂಗ್ ಟ್ರೇಲರ್, ಒಳಗೆ ಹಾಸಿಗೆ, ಫ್ರಿಜ್ ಎಲ್ಲಾ ಇರುವ, ಎಳೆದುಕೊಂಡು ಹೋಗುವ ಫೈಬರ್‌ಗ್ಲಾಸ್ ಗಾಡಿ. ಅದರ ಒಡೆದ ಮೂಲೆ ಸರಿಮಾಡುವುದನ್ನು ಈ ವಿಡಿಯೋದಲ್ಲಿ ತೋರಿಸುತ್ತೇನೆ. ಇದೇ ನೋಡಿ ಆ ಮೂಲೆ. ಹಿಂಬದಿಯಲ್ಲಿ, ಮೇಲೆ, ಕೆಂಪು ಲೈಟಿನ ಪಕ್ಕ. ಟ್ರೇಲರ್ ತನ್ನ ಪಾಡಿಗೆ ನಿಂತಿತ್ತು, ಗಾಳಿಗೆ ಮುರಿದ ಕೊಂಬೆ ಬಂದು ಬಿತ್ತು. ಅಂಗೈ ಅಗಲ ಒಡೆದಿದೆ, ನಡುವೆ ತೂತು, ಸುತ್ತ ಕೂದಲೆಳೆ ಬಿರುಕು. ತಗಡಾಗಿದ್ದರೆ ನಗ್ಗುತ್ತಿತ್ತು, ಒಳಗಿನಿಂದ ಬಡಿದು ಎತ್ತಬಹುದಿತ್ತು. ಫೈಬರ್‌ಗ್ಲಾಸ್ ಅಂದರೆ ಗಾಜಿನ ಎಳೆಗಳನ್ನು ರೆಸಿನ್ ಅನ್ನುವ, ಆಮೇಲೆ ಗಟ್ಟಿಯಾಗುವ ಅಂಟು ದ್ರವದಲ್ಲಿ ಪದರ ಪದರವಾಗಿ ಕೂರಿಸಿದ್ದು. ಅದು ನಗ್ಗುವುದಿಲ್ಲ. ತಾಳುವಷ್ಟು ಬಾಗುತ್ತದೆ, ಆಮೇಲೆ ಒಡೆಯುತ್ತದೆ. ಆದರೆ ಒಡೆದದ್ದನ್ನು ಸರಿಯಾಗಿ ಕೂಡಿಸಿದರೆ ಮತ್ತೆ ಗಟ್ಟಿ ನಿಲ್ಲುತ್ತದೆ. ಈ ವಸ್ತು ನನಗೆ ಇಷ್ಟ ಆಗುವುದೇ ಅದಕ್ಕೆ.

ಈಗ ನಾಣ್ಯದಲ್ಲಿ ತಟ್ಟುತ್ತಿದ್ದೇನೆ. ಸ್ವಲ್ಪ ಸೌಂಡ್ ಜಾಸ್ತಿ ಮಾಡಿಕೊಂಡು ಕೇಳಿ. ಟಕ್. ಟಕ್. ಟಕ್. ಇಲ್ಲಿ ನೋಡಿ, ಡಬ್. ಆ ಡಬ್ ಅನ್ನುವ ಜಾಗದಲ್ಲಿ ಪದರಗಳು ಒಂದನ್ನೊಂದು ಬಿಟ್ಟಿವೆ. ಕಣ್ಣಿಗೆ ಕಾಣುವ ಪೆಟ್ಟು ಅಂಗೈಯಷ್ಟು, ಕಿವಿಗೆ ಸಿಗುವ ಪೆಟ್ಟು ಅದಕ್ಕಿಂತ ದೊಡ್ಡದು. ಪೆನ್ಸಿಲ್ ಗೆರೆ ಎಳೆಯಬೇಕಾದದ್ದು ಕಿವಿ ತೋರಿಸಿದ ಜಾಗಕ್ಕೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಅಚ್ಚಿನಲ್ಲಿ ಎರಕ ಹೊಯ್ದಂಥ ಬಾಡಿ. ಮೇಲಿನ ಅರ್ಧ, ಕೆಳಗಿನ ಅರ್ಧ, ನಡುವೆ ಜೋಡಣೆ. ಚಪ್ಪಟೆ ಗೋಡೆಯ ಟ್ರೇಲರ್‌ಗಳು ಬೇರೆಯೇ. ಅವುಗಳಲ್ಲಿ ತೆಳುವಾದ ಫೈಬರ್‌ಗ್ಲಾಸ್ ಹಾಳೆ, ಹಿಂದೆ ತೆಳು ಪ್ಲೈವುಡ್, ಅದರ ಹಿಂದೆ ಫೋಮ್, ಎಲ್ಲಾ ಅಂಟಿಸಿದ್ದು. ಅಲ್ಲಿ ನೀರು ಹೊಕ್ಕರೆ ಅಂಟು ಬಿಟ್ಟು ಗೋಡೆಯೇ ಉಬ್ಬುತ್ತದೆ. ನಿಮ್ಮದು ಆ ಥರದ್ದಾದರೆ ಇವತ್ತು ನಾನು ಮಾಡುವ ಹಾಗೆ ಗ್ರೈಂಡರ್ ಹಿಡಿದು ಹೋಗಬೇಡಿ. ಆ ಹಾಳೆಯಲ್ಲಿ ಉಜ್ಜುವಷ್ಟು ದಪ್ಪವೇ ಇರುವುದಿಲ್ಲ.

ಚಕ್ರಕ್ಕೆ ಅಡ್ಡ ಕೊಟ್ಟದ್ದು, ಮೂಲೆ ಜ್ಯಾಕ್ ಇಳಿಸಿದ್ದು ಎಲ್ಲಾ ಕಾಣುತ್ತಿದೆ. ಜ್ಯಾಕ್ ಇಳಿಸದೆ ಉಜ್ಜಿದರೆ ಇಡೀ ಗಾಡಿ ತೂಗಾಡುತ್ತದೆ. ಕಾಣದೇ ಇರುವುದು ಒಂದಿದೆ, ಗ್ಯಾಸ್. ಸಿಲಿಂಡರ್ ವಾಲ್ವ್ ಬಂದ್ ಮಾಡಿದ್ದೇನೆ. ಟ್ರೇಲರ್ ಫ್ರಿಜ್ ಗ್ಯಾಸಿನಲ್ಲಿ ನಡೆಯುತ್ತಿದ್ದರೆ ಅದರ ಹಿಂದೆ ಸಣ್ಣ ಜ್ವಾಲೆ ಉರಿಯುತ್ತಿರುತ್ತದೆ. ಹೊರಗೆ ನಾವು ಅಸಿಟೋನ್ ಅನ್ನುವ, ಬೇಗ ಬೆಂಕಿ ಹತ್ತುವ ದ್ರಾವಕದ ಡಬ್ಬಿ ಬಿಚ್ಚಿ ಕೂತಿರುತ್ತೇವೆ. ದಯವಿಟ್ಟು ಇದನ್ನು ಮರೆಯಬೇಡಿ. ಕಿಟಕಿ, ಫ್ರಿಜ್ ಜಾಲರಿ, ಚಾವಣಿ ಫ್ಯಾನ್ ಎಲ್ಲಕ್ಕೂ ಪ್ಲಾಸ್ಟಿಕ್ ಹಾಕಿ ಟೇಪ್ ಅಂಟಿಸಿದೆ. ಗಾಜಿನ ಧೂಳು ಹಾಸಿಗೆಗೆ ಕೂತರೆ ಹೋಗುವುದೇ ಇಲ್ಲ.

ಈಗ ಲೈಟ್ ಬಿಚ್ಚುವುದು. ಸ್ಕ್ರೂ ತೆಗೆದೆ. ಲೈಟ್ ಬರುತ್ತಿಲ್ಲ. ಎಳೆದರೂ ಇಲ್ಲ. ಯಾಕೆ ಅಂತ ಹತ್ತಿರದಿಂದ ತೋರಿಸುತ್ತೇನೆ, ಕ್ಯಾಮೆರಾ ಫೋಕಸ್ ಆಗಲಿ. ಹಾಂ, ಇದು. ಹಳದಿಗೆ ತಿರುಗಿದ, ರಬ್ಬರಿನಂಥ ಈ ಪಟ್ಟಿ. ಸಿಲಿಕೋನ್! ಗಾಡಿ ನನ್ನ ಕೈಗೆ ಬರುವ ಮೊದಲು ಯಾರೋ ಲೈಟಿನ ಸುತ್ತ, ಸ್ಕ್ರೂ ತೂತಿನೊಳಗೆ, ಹಳೇ ಬಿರುಕಿನ ಮೇಲೆ, ಬೆರಳಲ್ಲಿ ಒತ್ತಿ ಒತ್ತಿ ಸವರಿದ್ದಾರೆ. ಬೆರಳಿನ ಗುರುತು ಇನ್ನೂ ಇದೆ ನೋಡಿ.

ಇದರ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ, ಸ್ವಲ್ಪ ಹೊತ್ತು ಹೇಳಿಯೇ ತೀರುತ್ತೇನೆ. ಸಿಲಿಕೋನ್ ಹಾಕಿದರೆ ನೀರು ನಿಲ್ಲುತ್ತದೆ, ನಿಜ. ಕೆಲವು ಕಾಲ. ಆಮೇಲೆ ಒಂದು ಅಂಚು ಬಿಡುತ್ತದೆ. ಬಿಟ್ಟ ಅಂಚಿನಿಂದ ನೀರು ಒಳಗೆ ಹೋಗುತ್ತದೆ, ಉಳಿದ ಅಂಚು ಅದನ್ನು ಹೊರಗೆ ಬಿಡುವುದಿಲ್ಲ. ಈಗ ಪಟ್ಟಿ ಕೀಳುತ್ತಿದ್ದೇನೆ, ಅದರ ಹಿಂದೆ ಕಪ್ಪಗಾಗಿದೆ, ಒದ್ದೆ ಇದೆ. ಸ್ಕ್ರೂ ತುಕ್ಕು ಹಿಡಿದು ಅರ್ಧ ಆಗಿದೆ. ಅಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ದೊಡ್ಡ ತೊಂದರೆ ಮುಂದಿದೆ. ಸಿಲಿಕೋನ್ ಕೂತ ಜಾಗದಲ್ಲಿ ರೆಸಿನ್ ಹಿಡಿಯುವುದಿಲ್ಲ, ಪುಟ್ಟಿ ಹಿಡಿಯುವುದಿಲ್ಲ, ಬಣ್ಣ ಹಿಡಿಯುವುದಿಲ್ಲ. ಬಣ್ಣ ಹೊಡೆದರೆ ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಟು ಬಿಟ್ಟು ನಿಲ್ಲುತ್ತದೆ. ಹಳೇ ಸಿಲಿಕೋನ್ ಮೇಲೆ ಹೊಸ ಸಿಲಿಕೋನ್ ಕೂಡ ಗಟ್ಟಿಯಾಗಿ ಕೂರುವುದಿಲ್ಲ!

ಅಸಿಟೋನ್ ಹಾಕಿ ಒರೆಸಿದರೆ ಹೋಗುತ್ತದಲ್ವಾ ಅಂತ ಕೇಳಬಹುದು. ಹೋಗುವುದಿಲ್ಲ. ಗಟ್ಟಿಯಾದ ಸಿಲಿಕೋನ್ ಅಸಿಟೋನಿನಲ್ಲಿ ಕರಗುವುದೇ ಇಲ್ಲ. ಒರೆಸಿದಷ್ಟೂ ಅದರ ಎಣ್ಣೆ ಅಂಶ ಅಗಲಕ್ಕೆ ಹರಡುತ್ತದೆ. ಸ್ಯಾಂಡ್ ಪೇಪರ್ ಹಿಡಿದರೆ ಇನ್ನೂ ಕೆಟ್ಟದು, ಗೀರುಗಳ ಒಳಗೇ ತುಂಬಿಬಿಡುತ್ತದೆ. ಹಾಗಾಗಿ ಇಲ್ಲಿ ಕ್ರಮ ತಪ್ಪುವ ಹಾಗಿಲ್ಲ. ಮೊದಲು ಪ್ಲಾಸ್ಟಿಕ್ ಬ್ಲೇಡಿನಲ್ಲಿ ಕೆರೆದು, ಎಳೆ ಎಳೆಯಾಗಿ ಕೀಳಬೇಕು. ಅಗಲಕ್ಕೆ ಅಲ್ಲ, ಹೊರಗಿನಿಂದ ಒಳಕ್ಕೆ. ಆಮೇಲೆ ಸಿಲಿಕೋನ್ ಮೆತ್ತಗಾಗಿಸುವ ರಿಮೂವರ್ ಹಚ್ಚಿ ಬಿಡಬೇಕು, ಮತ್ತೆ ಕೆರೆಯಬೇಕು. ಆಮೇಲೆ ಬಟ್ಟೆ, ಒಂದೇ ದಿಕ್ಕಿಗೆ ಒಂದು ಸಲ ಒರೆಸುವುದು, ಆ ಮುಖ ಮಡಚಿ ಹೊಸ ಮುಖ ತೆಗೆಯುವುದು. ಒರೆಸಿದ ಬಟ್ಟೆಯಲ್ಲೇ ಮತ್ತೆ ಒರೆಸಿದರೆ ಮಾಡಿದ್ದೆಲ್ಲಾ ದಂಡ.

ಹೋಯಿತೋ ಇಲ್ಲವೋ ನೋಡಲು ಒಂದು ಪರೀಕ್ಷೆ. ನೀರು ಚಿಮುಕಿಸುತ್ತೇನೆ. ಈ ಎಡಗಡೆ ನೋಡಿ, ನೀರು ಹಾಳೆಯ ಹಾಗೆ ಒಂದೇ ಸಮ ಹರಡಿದೆ. ಅದು ಶುದ್ಧ. ಬಲಗಡೆ, ಸ್ಕ್ರೂ ತೂತಿನ ಕೆಳಗೆ, ನೀರು ಹಿಂದೆ ಸರಿದು ಮಣಿ ಮಣಿಯಾಗಿ ನಿಂತಿದೆ. ಅಲ್ಲಿ ಇನ್ನೂ ಸಿಲಿಕೋನ್ ಇದೆ, ಅಥವಾ ಹಳೇ ವ್ಯಾಕ್ಸ್ ಇದೆ. ಕಣ್ಣಿಗೆ ಎರಡೂ ಕಡೆ ಒಂದೇ ಥರ ಹೊಳೆಯುತ್ತಿತ್ತು. ನೀರು ಮಾತ್ರ ಸರಿಯಾಗಿ ಹೇಳಿತು. ಎಲ್ಲಾ ಕಡೆ ನೀರು ಹಾಳೆಯಾಗಿ ನಿಲ್ಲುವವರೆಗೂ ನಾನು ಗ್ರೈಂಡರ್ ಮುಟ್ಟುವುದಿಲ್ಲ. ಫೈಬರ್‌ಗ್ಲಾಸ್ ರಿಪೇರಿ ಅಂದರೆ ರೆಸಿನ್ ಸುರಿಯುವುದು ಅಂತ ಜನ ತಿಳಿದಿದ್ದಾರೆ. ರೆಸಿನ್ ಕೆಲಸ ಸುಲಭ. ಅದು ಹಿಡಿಯುವ ಹಾಗೆ ಜಾಗ ಮಾಡಿಕೊಡುವುದೇ ನಿಜವಾದ ಕೆಲಸ.

ಒಣಗಲು ಬಿಟ್ಟೆ. ನೆರಳಿಗೆ ಟಾರ್ಪಾಲ್ ಕಟ್ಟಿದ್ದು ಕಾಣುತ್ತಿದೆ. ಗಾಡಿಯನ್ನು ಎಲ್ಲಿಗೂ ಎಳೆದುಕೊಂಡು ಹೋಗುವ ಹಾಗಿಲ್ಲ, ನಿಂತ ಜಾಗಕ್ಕೇ ವರ್ಕ್‌ಶಾಪ್ ಬರಬೇಕು. ಬಿಸಿಲು ನೇರವಾಗಿ ಬಿದ್ದರೆ ರೆಸಿನ್ ಬ್ರಷ್‌ನಲ್ಲೇ ಗಟ್ಟಿಯಾಗುತ್ತದೆ. ತಣ್ಣಗಾದರೆ ಸೆಟ್ ಆಗುವುದೇ ಇಲ್ಲ. 20ರಿಂದ 25 ಡಿಗ್ರಿ ಇದ್ದರೆ ಆರಾಮ. ಸಂಜೆ ಇಬ್ಬನಿ ಇಳಿಯುವ ಹೊತ್ತಿಗೆ ಯಾವತ್ತೂ ಶುರು ಮಾಡಬೇಡಿ.

ಗ್ರೈಂಡಿಂಗ್. ಇದನ್ನು ಸ್ಪೀಡ್ ಮಾಡಿದ್ದೇನೆ. ಒಡೆದ ಭಾಗವನ್ನೆಲ್ಲಾ ಕತ್ತರಿಸಿ ತೆಗೆದು, ಅಂಚನ್ನು ಇಳಿಜಾರು ಮಾಡುತ್ತಿದ್ದೇನೆ. ಲೆಕ್ಕ 12ಕ್ಕೆ 1. ಬಾಡಿ 3 ಮಿಲಿಮೀಟರ್ ದಪ್ಪ ಇದ್ದರೆ ಇಳಿಜಾರು ಸುತ್ತಲೂ 36 ಮಿಲಿಮೀಟರ್. ಅಂಗೈಯಷ್ಟಿದ್ದ ತೂತು ಊಟದ ತಟ್ಟೆಯಷ್ಟಾಗುತ್ತದೆ, ನೋಡಿದರೆ ಎದೆ ಝಲ್ ಅನ್ನುತ್ತದೆ. ಹೆದರಬೇಡಿ. ಹಳೇ ಫೈಬರ್‌ಗ್ಲಾಸ್ ಯಾವಾಗಲೋ ಗಟ್ಟಿಯಾಗಿ ಹೋಗಿದೆ, ಹೊಸ ರೆಸಿನ್ ಅದರ ಜೊತೆ ಬೆರೆತು ಒಂದಾಗುವುದಿಲ್ಲ, ಮೇಲೆ ಕಚ್ಚಿ ಹಿಡಿಯುತ್ತದೆ ಅಷ್ಟೇ. ಕಚ್ಚಲು ಜಾಗ ಬೇಕಲ್ವಾ? ಆ ಜಾಗವೇ ಈ ಇಳಿಜಾರು.

ಉದ್ದ ತೋಳಿನ ಅಂಗಿ, ಕನ್ನಡಕ, ಮಾಸ್ಕ್. ಧೂಳಿಗೆ ಧೂಳಿನ ಮಾಸ್ಕ್ ಸಾಕು, ಆದರೆ ರೆಸಿನ್ ಹೊತ್ತಿಗೆ ಅದು ಸಾಲದು. ಇವತ್ತಿನ ರೆಸಿನ್‌ನಿಂದ ಸ್ಟೈರೀನ್ ಅನ್ನುವ ರಾಸಾಯನಿಕದ ಆವಿ ಏಳುತ್ತದೆ, ಅದಕ್ಕೆ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮೈ ತುರಿಸಿದರೆ ಉಜ್ಜಬೇಡಿ, ಮೊದಲು ತಣ್ಣೀರು ಹರಿಸಿ.

ಉಜ್ಜುವ ಶಾಟ್ ಇನ್ನೂ ಇದೆ, ಅಷ್ಟರಲ್ಲಿ ಒಂದು ವಿಷಯ. ಈ ಥರ ಎರಡು ಅಚ್ಚಿನ ಪುಟ್ಟ ಟ್ರೇಲರ್‌ಗಳ ಹಿಂದೆ ಕೆನಡಾದ ವಿನ್ನಿಪೆಗ್‌ನ ರೇ ಒಲೆಕೊ ಅನ್ನುವವರ ಕೆಲಸ ಇದೆ. ಅವರು ಮೊದಲು ಫೈಬರ್‌ಗ್ಲಾಸಿನ ಹಗುರ ಸೆಪ್ಟಿಕ್ ಟ್ಯಾಂಕ್ ಮಾಡಿದ್ದರು. ಆ ಅನುಭವದಿಂದಲೇ 1968ರಲ್ಲಿ ಬೋಲರ್ ಟ್ರೇಲರ್ ಬಂತು, 13 ಅಡಿಯದ್ದು. ನೆಲದೊಳಗೆ ನೀರು ಸೋರದ ಹಾಗೆ ಕೂರುವ ವಸ್ತು ರಸ್ತೆ ಮೇಲೂ ಮಳೆ ತಡೆಯುತ್ತದೆ ಅಂತ ಅವರಿಗೆ ಹೊಳೆಯಿತು ನೋಡಿ. ಆ ಕಾಲದ ಗಾಡಿಗಳು ಇವತ್ತೂ ಓಡುತ್ತಿವೆ. ಅದಕ್ಕಿಂತ ಮೊದಲೇ, 1953ರಲ್ಲಿ, ಷೆವ್ರೊಲೆ ಕಾರ್ವೆಟ್ ಕಾರಿಗೆ ಫೈಬರ್‌ಗ್ಲಾಸ್ ಬಾಡಿ... ಅಯ್ಯೋ, ಇಳಿಜಾರು ಮುಗಿದೇ ಹೋಯಿತು. ಮುಂದಕ್ಕೆ ಹೋಗೋಣ.

ತೂತಿನ ಹಿಂದೆ ಕೈ ಹೋಗುವುದಿಲ್ಲ, ಒಳಗೆ ಕಪಾಟು ಇದೆ. ಹಾಗಾಗಿ ಹಿಂದಿನ ಆಸರೆಯನ್ನು ಮುಂದಿನಿಂದಲೇ ಕೂರಿಸಬೇಕು. ಪ್ಲಾಸ್ಟಿಕ್ ಹಾಳೆ ಮೇಲೆ ಎರಡು ಪದರ ಮ್ಯಾಟ್, ಅಂದರೆ ನೇಯದ ಗಾಜಿನ ಎಳೆಗಳ ಹಾಸು, ರೆಸಿನ್ ಜೊತೆ ಹಾಕಿ ಒಂದು ತೆಳು ಬಿಲ್ಲೆ ಮಾಡಿಟ್ಟಿದ್ದೆ, ತೂತಿಗಿಂತ ಸ್ವಲ್ಪ ದೊಡ್ಡದು. ನಡುವೆ ತಂತಿ ಕಟ್ಟಿದೆ. ಈಗ ನೋಡಿ, ಬಿಲ್ಲೆಯನ್ನು ಬಾಗಿಸಿ ಓರೆಯಾಗಿ ಒಳಗೆ ತೂರಿಸಿದೆ, ಅಂಚಿಗೆ ಮಂದ ಮಾಡಿದ ಹಸಿ ರೆಸಿನ್ ಇದೆ, ತಂತಿ ಹಿಡಿದು ಹೊರಕ್ಕೆ ಎಳೆದು ಅಡ್ಡಕಡ್ಡಿಗೆ ಬಿಗಿದೆ. ಈ ಶಾಟ್ ನನಗೆ ಎಷ್ಟು ಸಲ ನೋಡಿದರೂ ಬೇಜಾರಾಗುವುದಿಲ್ಲ.

ರೆಸಿನ್ ಯಾವುದು, ಎಪಾಕ್ಸಿಯೋ ಪಾಲಿಎಸ್ಟರೋ? ಎಪಾಕ್ಸಿ ಬಿಟ್ಟು ಬೇರೆ ಬೇಡ ಅನ್ನುವವರ ಪಕ್ಷ ನನ್ನದು. ಹಳೇ ಪದರದ ಮೇಲೆ ಅದರ ಹಿಡಿತ ಜಾಸ್ತಿ, ಕುಗ್ಗುವುದು ಕಡಿಮೆ. ಹಾಗಂದೂ ಇವತ್ತು ಪಾಲಿಎಸ್ಟರ್ ತಗೊಂಡಿದ್ದೇನೆ. ಕೊನೆಗೆ ಮೇಲೆ ಬರುವುದು ಜೆಲ್‌ಕೋಟ್, ಅಂದರೆ ಬಾಡಿಯ ಬಣ್ಣದ, ಹೊಳೆಯುವ ಹೊರಪದರ, ಅದೂ ಪಾಲಿಎಸ್ಟರೇ, ಎಪಾಕ್ಸಿ ಮೇಲೆ ಅದನ್ನು ಕೂರಿಸುವುದು ರಗಳೆ. ಬಣ್ಣ ಹೊಡೆಯುವವರು ಎಪಾಕ್ಸಿ ತಗೊಳ್ಳಿ, ಜೆಲ್‌ಕೋಟ್ ಬೇಕಾದವರು ಪಾಲಿಎಸ್ಟರ್. ಎಪಾಕ್ಸಿ ತಗೊಂಡರೆ ಮ್ಯಾಟ್ ಬೇಡ, ನೇಯ್ದ ಗಾಜಿನ ಬಟ್ಟೆ ಬಳಸಿ. ಮ್ಯಾಟಿನ ಎಳೆ ಹಿಡಿದಿರುವ ಅಂಟು ಸಾಮಾನ್ಯವಾಗಿ ಸ್ಟೈರೀನಿನಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ.

ಪಾಲಿಎಸ್ಟರ್ ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಅಂದರೆ ಎಂಇಕೆಪಿ, ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ತೂಕದಲ್ಲಿ 1ರಿಂದ 2 ಪರ್ಸೆಂಟ್, 100 ಗ್ರಾಂ ರೆಸಿನ್‌ಗೆ 1ರಿಂದ 2 ಗ್ರಾಂ. ಒಂದು ಹನಿ ಕಣ್ಣಿಗೆ ಹಾರಿದರೂ ಕಣ್ಣಿಗೇ ಅಪಾಯ. ತಕ್ಷಣ ನೀರು ಹಾಕಿ ತೊಳೆಯುತ್ತಲೇ ಇರಬೇಕು, ಡಾಕ್ಟರ್ ಹತ್ತಿರ ಹೋಗಲೇಬೇಕು. ಕನ್ನಡಕ ತೆಗೆದು ಈ ಬಾಟಲಿ ಬಿಚ್ಚುವವರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಕಲಸಿದ್ದನ್ನು ಲೋಟದಲ್ಲೇ ಇಟ್ಟುಕೊಂಡು ಕೂರಬೇಡಿ, ಗುಂಪಾಗಿದ್ದಷ್ಟೂ ಕಾವು ಏರಿ ಹೊಗೆ ಬರುತ್ತದೆ. ಅಗಲ ತಟ್ಟೆಗೆ ಸುರಿದರೆ ಕೆಲಸಕ್ಕೆ ಸಮಯ ಸಿಗುತ್ತದೆ.

ಮ್ಯಾಟ್ ಚದರ ಮೀಟರಿಗೆ 450 ಗ್ರಾಂ ತೂಗುವಂಥದ್ದು. ಒಂದು ಪದರ ಸುಮಾರು 1 ಮಿಲಿಮೀಟರ್ ದಪ್ಪ ಕೊಡುತ್ತದೆ, ಹಾಗಾಗಿ ಮೂರು. ಅಂಚನ್ನು ಕತ್ತರಿಯಲ್ಲಿ ಕತ್ತರಿಸದೆ ಕೈಯಲ್ಲಿ ಹರಿಯುತ್ತಿದ್ದೇನೆ, ಎಳೆಗಳು ಬಿಡಿ ಬಿಡಿಯಾಗಿ ನಿಂತು ಇಳಿಜಾರಿಗೆ ಸೇರಿಕೊಳ್ಳುತ್ತವೆ. ಮೊದಲು ದೊಡ್ಡ ತುಂಡು, ಮೇಲೆ ಮೇಲೆ ಚಿಕ್ಕದು. ಕೆಲವರು ಉಲ್ಟಾ ಮಾಡುತ್ತಾರೆ, ನನಗೆ ಒಪ್ಪಿಗೆ ಇಲ್ಲ. ದೊಡ್ಡದು ಕೆಳಗಿದ್ದರೆ ಇಡೀ ಇಳಿಜಾರನ್ನು ಒಂದೇ ತುಂಡು ಹಿಡಿಯುತ್ತದೆ, ಆಮೇಲೆ ಉಜ್ಜುವಾಗ ಅದು ತುಂಡಾಗುವುದಿಲ್ಲ. ಬಿಳಿ ಮ್ಯಾಟ್ ರೆಸಿನ್ ಕುಡಿದು ಪಾರದರ್ಶಕ ಆಗುವುದನ್ನು ನೋಡಿ. ಬಿಳಿ ಚುಕ್ಕೆ ಉಳಿದರೆ ಅದು ಗಾಳಿ. ಈ ಹಲ್ಲಿನ ರೋಲರ್ ಓಡಿಸಿ ಅಂಚಿನ ಕಡೆಗೆ ತಳ್ಳಬೇಕು.

ಗಟ್ಟಿಯಾಯಿತು. ಮೇಲೆ ತೆಳುವಾಗಿ ಪುಟ್ಟಿ. ಮೆಷಿನ್ ಸ್ಯಾಂಡರ್ ಇಲ್ಲದೆ ಈ ಕೆಲಸ ಯಾರೂ ಮಾಡಬಾರದು, ಕೈ ಬಿದ್ದುಹೋಗುತ್ತದೆ. ಊಂ, ಈ ಶಾಟ್‌ನಲ್ಲಿ ನೋಡಿದರೆ ಮೂಲೆಯ ಬಳುಕು ಮೆಷಿನ್‌ಗೆ ಚಪ್ಪಟೆ ಆಗುತ್ತಿದೆ. ಹಾಗಾದರೆ ಮೂಲೆಗೆ ಕೈಯೇ ಸರಿ, ಬಾಗುವ ಮೆತ್ತನೆ ಬ್ಲಾಕಿಗೆ ಪೇಪರ್ ಸುತ್ತಿಕೊಂಡು. ಮೆಷಿನ್ ಸಪಾಟು ಜಾಗಕ್ಕೆ ಮಾತ್ರ. ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿ, ಉಬ್ಬು ತಗ್ಗು ಬೆರಳಿಗೆ ಬೇಗ ಸಿಗುತ್ತದೆ.

ಜೆಲ್‌ಕೋಟ್ ಬಣ್ಣ. ಹಳೇ ಬಾಡಿ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದೆ. ಅದಕ್ಕೆ ಹೊಂದಿಸಿದರೆ ಮೋಸ ಹೋಗುತ್ತೀರಿ. ಮೊದಲು ಪಕ್ಕದ ಜಾಗವನ್ನು ರಬ್ಬಿಂಗ್ ಕಾಂಪೌಂಡ್, ಅಂದರೆ ಮೇಲ್ಮೈ ಉಜ್ಜುವ ಪೇಸ್ಟ್, ಹಾಕಿ ಉಜ್ಜಿ, ಒಳಗಿನ ನಿಜವಾದ ಬಣ್ಣ ಹೊರಗೆ ಬರಲಿ, ಅದಕ್ಕೆ ಹೊಂದಿಸಿ. ಬಿಳಿಗೆ ಹಳದಿ ಒಂದು ಹನಿ, ಕಂದು ಕಡ್ಡಿಯ ತುದಿಯಷ್ಟು. ಸುಮಾರು ಅರ್ಧ ಮಿಲಿಮೀಟರ್ ದಪ್ಪ ಬೇಕು. ಮಾಮೂಲಿ ಜೆಲ್‌ಕೋಟ್ ಗಾಳಿಗೆ ತೆರೆದಿದ್ದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಕೊನೆಯ ಕೋಟಿಗೆ ವ್ಯಾಕ್ಸ್ ದ್ರವ ಬೆರೆಸಬೇಕು, ಇಲ್ಲದಿದ್ದರೆ ಹೀಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಗಾಳಿ ತಪ್ಪಿಸಬೇಕು. ಆಮೇಲೆ ನೀರು ಹಾಕಿ ಸ್ಯಾಂಡ್ ಪೇಪರ್, ಒರಟಿನಿಂದ ನುಣುಪಿಗೆ, 400, 600, 800, 1000, 1500 ನಂಬರ್. ಅದೆಲ್ಲಾ ಓಡಿಸಿಬಿಟ್ಟಿದ್ದೇನೆ. ಕಾಂಪೌಂಡ್, ಪಾಲಿಶ್. ಜೋಡಿಸಿದ ಗೆರೆ ಎಲ್ಲಿ ಅಂತ ಹುಡುಕಿ ನೋಡಿ.

ಇನ್ನು ಲೈಟ್. ಸ್ಕ್ರೂ ತೂತಿನ ಬಾಯಿಯನ್ನು ಸ್ವಲ್ಪ ಅಗಲ ಮಾಡಿದೆ, ಇಲ್ಲದಿದ್ದರೆ ಸ್ಕ್ರೂ ಜೆಲ್‌ಕೋಟನ್ನು ಸೀಳಿ ಹೊಸ ಬಿರುಕು ಶುರುವಾಗುತ್ತದೆ. ಲೈಟಿನ ಹಿಂಬದಿಗೆ ಹಚ್ಚಿದ್ದು ಬ್ಯೂಟೈಲ್ ಟೇಪ್, ಮೆತ್ತನೆಯ ರಬ್ಬರಿನ ಅಂಟು ಪಟ್ಟಿ. ಅದು ಗಟ್ಟಿಯಾಗುವುದಿಲ್ಲ, ಬಾಡಿ ಹಿಗ್ಗಿ ಕುಗ್ಗಿದಾಗ ಜೊತೆಗೇ ಹಿಗ್ಗುತ್ತದೆ, ನಾಳೆ ಯಾರಾದರೂ ಬಿಚ್ಚಿದರೆ ಸುರುಳಿ ಸುತ್ತಿ ಪೂರ್ತಿ ಕಿತ್ತುಕೊಂಡು ಬರುತ್ತದೆ. ಸ್ಕ್ರೂ ಒಂದೇ ಸಲ ಬಿಗಿಯಬಾರದು. ಟೇಪ್ ಅಂಚಿನಿಂದ ಹೊರಗೆ ಇಣುಕುವವರೆಗೆ ತಿರುಗಿಸಿ ನಿಲ್ಲಿಸಿದೆ. ಅದು ಹರಡಿಕೊಂಡ ಮೇಲೆ ಮತ್ತೆ ಸ್ವಲ್ಪ, ಹೊರಗೆ ಬಂದದ್ದನ್ನು ಪ್ಲಾಸ್ಟಿಕ್ ಬ್ಲೇಡಿನಲ್ಲಿ ಕತ್ತರಿಸಿ ತೆಗೆಯುವುದು. ಟಾರ್ಪಾಲ್ ಬಿಚ್ಚುವ ಮೊದಲು ಗ್ಯಾಸ್ ವಾಲ್ವ್ ತೆರೆಯಬೇಡಿ, ಮೊದಲು ಕಿಟಕಿಗಳ ಪ್ಲಾಸ್ಟಿಕ್ ತೆಗೆದು ಒಳಗೆಲ್ಲಾ ಗಾಳಿ ಆಡಲಿ.