ರವಿವಾರದ ಅಂಪೈರ್

ಕೇಳುಗ ಬಂಧುಗಳಿಗೆ ನಮಸ್ಕಾರ.

ಬೆಟಗೇರಿಯಲ್ಲಿ ಬೆಳಗ್ಗೆ ನಾನು ಹಾಕಿ ಕಲಿಸುವ ಹುಡುಗರ ಕೈಯಲ್ಲಿ ಹೊಸ ಸ್ಟಿಕ್ ಕಾಣುವುದು ಅಪರೂಪ. ಅಣ್ಣ ಆಡಿ ಬಿಟ್ಟದ್ದು ತಮ್ಮನಿಗೆ, ಅವನು ಬಿಟ್ಟದ್ದು ಪಕ್ಕದ ಮನೆಯವನಿಗೆ. ಸೀಳು ಬಿಟ್ಟರೆ ಅಂಟು ಹಚ್ಚಿ, ಮೇಲೆ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತುತ್ತೇವೆ. ಹಾಗೆ ಸುತ್ತುವಾಗೆಲ್ಲ ನನಗೆ ಎರಿಕ್ ಲಿಡೆಲ್ ನೆನಪಾಗುತ್ತಾರೆ.

ಲಿಡೆಲ್ ಸ್ಕಾಟ್ಲೆಂಡಿನ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ರವಿವಾರ ಬಿತ್ತು. ಅದು ದೇವರ ದಿನ, ಓಡುವುದಿಲ್ಲ ಎಂದರು. ಬೇರೆ ದಿನ 400 ಮೀಟರ್ ಓಡಿ, 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಇಷ್ಟು ಕಥೆ ನಮ್ಮ ಚರ್ಚುಗಳಲ್ಲಿ ಬಹಳ ಸಲ ಹೇಳುತ್ತೇವೆ. ಮುಂದಿನದನ್ನು ಹೇಳುವುದು ಕಡಿಮೆ. ನನಗೆ ಅದೇ ದೊಡ್ಡದು.

ಆಮೇಲೆ ಅವರು ಚೀನಾದಲ್ಲಿ ಮಿಷನರಿಯಾದರು. 1943ರಲ್ಲಿ ಜಪಾನಿನ ಸೈನ್ಯ ಅವರನ್ನು ಒಂದು ಶಿಬಿರದಲ್ಲಿ ಕೂಡಿ ಹಾಕಿತು. ತಂದೆ-ತಾಯಿಯಿಂದ ದೂರವಾದ ಮಕ್ಕಳು ಅಲ್ಲಿ ಜಾಸ್ತಿ ಇದ್ದರು. ಲಿಡೆಲ್ ಆ ಮಕ್ಕಳಿಗೆ ಪಾಠ ಹೇಳಿದರು, ಆಟ ಆಡಿಸಿದರು. ಹಾಕಿ ಸ್ಟಿಕ್ಕುಗಳಿಗೆ ಚಾದರ ಹರಿದು ಸುತ್ತಿ ಕೊಟ್ಟರು. ರವಿವಾರ ಮಾತ್ರ ಆಟ ಇಲ್ಲ. ಒಂದು ರವಿವಾರ ಹುಡುಗರು ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡರು. ಮುಂದಿನ ರವಿವಾರ ಅಂಪೈರ್ ಆಗಿ ಲಿಡೆಲ್ ಅವರೇ ಬಂದು ನಿಂತರು! ಒಲಿಂಪಿಕ್ಸ್ ಪದಕಕ್ಕೂ ಮುರಿಯದ ನೇಮವನ್ನು ಆ ಹುಡುಗರಿಗಾಗಿ ಮುರಿದರು. 1945ರಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡಾಗ ಅವರಿಗೆ ಬರೀ 43 ವರ್ಷ.

ನಮ್ಮ ಬೆಟಗೇರಿಗೆ ಬಾಸೆಲ್ ಮಿಷನ್ ಬಂದದ್ದು 1841ರಲ್ಲಿ. ನಮ್ಮದು ಹಳೆಯ ಕ್ರೈಸ್ತ ಮನೆತನ. ಆದರೆ ಮೈದಾನಕ್ಕೆ ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು ಬರುತ್ತಾರೆ. ಅಲ್ಲಿ ನಾನು ಬೈಬಲ್ ತೆಗೆಯುವುದಿಲ್ಲ. ಆಟ ಕಲಿಯಲು ಬಂದ ಮಗುವಿಗೆ ಆಟ ಕಲಿಸಬೇಕು, ಅಲ್ವಾ? ನನ್ನ ನಂಬಿಕೆಗೆ ಪರೀಕ್ಷೆ ಬಂದದ್ದು ಒಂದು ಪಂದ್ಯ ಸೋತ ದಿನ.

ಕೊನೆಯ ನಿಮಿಷ. ಚೆಂಡು ನಮ್ಮ ಗೋಲ್‌ಕೀಪರ್‌ನ ಕಾಲ ಸಂದಿನಿಂದ ಒಳಗೆ ಹೋಯಿತು. ಹದಿಮೂರು ವರ್ಷದ ಹುಡುಗ. ಎಲ್ಲರೆದುರು ಬೈದೆ. ಏನೂ ಅನ್ನದೆ ಸುಮ್ನೆ ನಿಂತಿದ್ದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ರವಿವಾರ ಚರ್ಚಿನಲ್ಲಿ ಕಾಣಿಕೆಯ ಚೀಲ ನನ್ನ ಸಾಲಿಗೆ ಬಂತು. ಆಗ ಯೇಸು ಹೇಳಿದ್ದು ನೆನಪಾಯಿತು. ನಿನ್ನ ಮೇಲೆ ಯಾರಿಗಾದರೂ ಮನಸ್ಸಿನಲ್ಲಿ ಬೇಸರವಿದ್ದರೆ ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ರಾಜಿಯಾಗು. ನನಗೆ ಕೂರಲಾಗಲಿಲ್ಲ. ಎದ್ದು ಹೊರಟೆ.

ಹುಡುಗನ ಮನೆಯಲ್ಲಿ ಮಗ್ಗ ನಡೆದಿತ್ತು. ಅವನು ಮೂಲೆಯಲ್ಲಿ ಕಂಡಿಕಿಗೆ ನೂಲು ಸುತ್ತುತ್ತಿದ್ದ. "ಬರ್ರಿ ಸರ್, ಕುಂದರ್ರಿ" ಎಂದು ಅವನ ತಾಯಿ ಚಾಪೆ ಹಾಸಿದರು. ನಾನು ಅವನ ಪಕ್ಕದಲ್ಲೇ ಕೂತೆ.

"ತಪ್ಪ ನಂದೈತಿ, ತಮ್ಮಾ. ಹಂಗ ಬೈಬಾರದಿತ್ತು."

ಅವನು ತಲೆ ಎತ್ತಲಿಲ್ಲ. ಕಂಡಿಕಿ ತುಂಬುವ ತನಕ ಸುತ್ತಿದ. ಆಮೇಲೆ ಮೆಲ್ಲಗೆ ಹೇಳಿದ, "ಪ್ಯಾಡ್ ಭಾಳ ದೊಡ್ಡದಾಗತಾವ್ರಿ ಸರ್. ಕಾಲು ಕೂಡ್ಸಾಕ ಬರಂಗಿಲ್ರಿ."

ಇಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವತ್ತು ಸಂಜೆ ಇಬ್ಬರೂ ಕೂತು ಪ್ಯಾಡಿನ ಬೆಲ್ಟಿಗೆ ಹೊಸ ತೂತು ಹಾಕಿದೆವು. ಒಳಗೆ ತುಂಬಲು ಅವನ ತಾಯಿ ಹಳೆಯ ಬಟ್ಟೆ ಕೊಟ್ಟರು.

ನಮಸ್ಕಾರ.